ಹಾಡೋಕೆ ಬರುತ್ತೆ, ಶಾಲೆಯಲ್ಲಿ ಕೆಲಸ ಮಾತ್ರ ಸಿಗ್ತಿಲ್ಲ

ಪ್ರಶ್ನೆ: ಸಂಗೀತದಲ್ಲಿ ಪದವಿ ಮುಗಿಸಿದ್ದೇನೆ. ಚಿಕ್ಕಂದಿನಿಂದ ಹಾಡುಗಾರಿಕೆ ಕಲಿತಿದ್ದೇನೆ, ಕೀಬೋರ್ಡ್ ಅಷ್ಟಿಷ್ಟು ನುಡಿಸುತ್ತೇನೆ. ಶಾಲೆಯಲ್ಲಿ ಸಂಗೀತ ಶಿಕ್ಷಕಿ ಆಗಬೇಕು ಅಂತ ಆಸೆ. ತುಂಬಾ ಕಡೆ ಅರ್ಜಿ ಹಾಕಿದೆ, ಹೆಚ್ಚಿನವರಿಂದ ಉತ್ತರವೇ ಇಲ್ಲ. ಕರೆದ ಕಡೆಯೂ ಒಂದು ಹಾಡು ಹಾಡಿಸಿದರು, 'ಚೆನ್ನಾಗಿದೆ' ಅಂದರು. ಆಮೇಲೆ 'ಕ್ಲಾಸ್ ತಗೊಂಡು ಅನುಭವ ಇದೆಯಾ?' ಅಂತ ಕೇಳಿ ಕಳಿಸಿಬಿಟ್ಟರು. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಈಗ ಇನ್ನೊಂದು ಶಾಲೆಯಲ್ಲಿ ಮೂರನೇ ತರಗತಿಗೆ 20 ನಿಮಿಷದ ಡೆಮೊ ಕ್ಲಾಸ್ ಮಾಡಿ ಅಂದಿದ್ದಾರೆ. ಹೇಗೆ ತಯಾರಾಗಲಿ? ಕೆಲಸ ಸಿಕ್ಕರೆ ಸ್ಟೇಜ್ ಕಾರ್ಯಕ್ರಮ ಬಿಡಬೇಕಾಗುತ್ತಾ?

ಉತ್ತರ: ನಿಮ್ಮ ಹಾಡನ್ನು ಯಾರೂ ಬೇಡ ಅಂದಿಲ್ಲ, ಅದನ್ನು ಮೊದಲು ಗಮನಿಸಿ. 'ಚೆನ್ನಾಗಿದೆ' ಅಂದವರು ನಿಜವನ್ನೇ ಹೇಳಿರುತ್ತಾರೆ. ಅವರಿಗೆ ಬೇಕಿದ್ದ ಉತ್ತರ ಆ ಹಾಡಿನಲ್ಲಿ ಸಿಗಲಿಲ್ಲ, ಅಷ್ಟೇ.

ಎದುರಿಗೆ ಯಾರು ಕೂತಿರುತ್ತಾರೆ ಅಂತ ಸ್ವಲ್ಪ ಯೋಚಿಸಿ. ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯವರೊಬ್ಬರು, ಜೊತೆಗೆ ಭಾಷೆಯದೋ ಗಣಿತದ್ದೋ ಹಿರಿಯ ಶಿಕ್ಷಕರೊಬ್ಬರು. ಎಷ್ಟೋ ಶಾಲೆಗಳಲ್ಲಿ ಸಂಗೀತಕ್ಕೆ ಇರುವುದೇ ಒಂದು ಹುದ್ದೆ. ಅದೇ ಖಾಲಿ ಇರುವಾಗ ಸಂಗೀತ ಬಲ್ಲವರು ಆ ಕೋಣೆಯಲ್ಲಿ ಇರುವುದು ಕಷ್ಟ. ನಿಮ್ಮ ಆಲಾಪನೆಯ ಸೂಕ್ಷ್ಮ ಅವರಿಗೆ ಹಿಡಿಯುವುದಿಲ್ಲ. ಆದರೆ ತರಗತಿ ಅಂದರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಹಾಡು ಕೇಳುತ್ತಲೇ ಅವರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿರುತ್ತದೆ. ಈಕೆಯ ಕ್ಲಾಸಿನಿಂದ ಪಕ್ಕದ ಕ್ಲಾಸಿಗೆ ಎಷ್ಟು ಗಲಾಟೆ ಕೇಳಿಸಬಹುದು? ಹಾಡಲು ಒಲ್ಲೆ ಅನ್ನುವ ಹುಡುಗನನ್ನು ಏನು ಮಾಡುತ್ತಾರೆ? ವಾರ್ಷಿಕೋತ್ಸವಕ್ಕೆ ಇನ್ನೂರು ಮಕ್ಕಳನ್ನು ವೇದಿಕೆ ಹತ್ತಿಸಿ ಇಳಿಸಲು ಇವರಿಂದ ಆಗುತ್ತಾ? ವರ್ಷದ ನಡುವೆ ಬಿಟ್ಟು ಹೋಗುತ್ತಾರಾ?

ಹಾಗಾಗಿ ನೀವು ತೋರಿಸಬೇಕಾದದ್ದು ಒಂದೇ. ಸಂಗೀತ ಬೇಕು ಅಂತ ಬಾರದ, ಬೆಲ್ ಹೊಡೆದ ಕಾರಣಕ್ಕೆ ಬಂದು ಕೂತ ಮಕ್ಕಳ ಗುಂಪನ್ನು ನೀವು ಸಂಗೀತದ ಕೆಲಸಕ್ಕೆ ಹಚ್ಚಬಲ್ಲಿರಿ ಅನ್ನುವುದು. ಅರ್ಜಿ, ಡೆಮೊ, ಸಂದರ್ಶನ ಮೂರನ್ನೂ ಇದಕ್ಕೇ ದುಡಿಸಬೇಕು. ಪಾಠ ಕಲಿಯಲು ಮನೆಗೆ ಬರುವ ಶಿಷ್ಯರಿಗೆ ಹೇಳಿಕೊಡುವುದು ಬೇರೆ, ಇದು ಬೇರೆ. ಅಲ್ಲಿ ಆಸಕ್ತಿ ಇರುವವರೇ ಬರುತ್ತಾರೆ. ಇಲ್ಲಿ ಎಲ್ಲರೂ ಬರುತ್ತಾರೆ.

ಇನ್ನು ಅನುಭವದ ಮಾತು. ಸಂಬಳದ ಹುದ್ದೆ ಮಾತ್ರ ಅನುಭವ ಅಂದುಕೊಳ್ಳಬೇಡಿ. ಶಾಲೆಗೆ ಬೇಕಿರುವುದು ನೀವು ಮಕ್ಕಳ ಗುಂಪಿನ ಮುಂದೆ ನಿಂತ ಪುರಾವೆ. ರಜೆಯ ಶಿಬಿರದಲ್ಲಿ ಎರಡು ವಾರ ಹಾಡು ಕಲಿಸಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಶಾಲೆ ಬಿಟ್ಟ ಮೇಲೆ ನಡೆಯುವ ಹವ್ಯಾಸ ತರಗತಿ, ಗ್ರಂಥಾಲಯದ ಮಕ್ಕಳ ಕಾರ್ಯಕ್ರಮ, ಮಕ್ಕಳ ನಾಟಕಕ್ಕೆ ಹಾಡು ಕೂಡಿಸಿಕೊಟ್ಟಿದ್ದು, ಯಾರದ್ದೋ ಮಕ್ಕಳ ಗಾಯನ ತಂಡಕ್ಕೆ ಕೀಬೋರ್ಡ್ ನುಡಿಸಿದ್ದು, ಎಲ್ಲವೂ. ಇದ್ಯಾವುದೂ ಮಾಡಿಲ್ಲ ಅಂದರೆ ಹತ್ತಿರದ ಶಾಲೆಯ ಸಂಗೀತ ಶಿಕ್ಷಕರನ್ನು ಕೇಳಿ: 'ವಾರಕ್ಕೊಂದು ದಿನ ಬಂದು ಹಿಂದೆ ಕೂತು ನೋಡಲಾ?' ಶಾಲೆಯ ಅನುಮತಿ ಬೇಕಾಗುತ್ತದೆ, ಕೆಲವು ಕಡೆ ಪೊಲೀಸ್ ಪರಿಶೀಲನೆಯ ಪತ್ರವನ್ನೂ ಕೇಳುತ್ತಾರೆ. ಅದು ಕಿರಿಕಿರಿ ಅಂದುಕೊಳ್ಳದೆ ಮಾಡಿಸಿಡಿ, ಮುಂದೆ ಹೇಗೂ ಬೇಕು.

ಹಿಂದೆ ಕೂತಾಗ ಹಾಡನ್ನು ಬಿಡಿ, ಹಾಡುಗಳ ಮಧ್ಯದ ಹೊತ್ತನ್ನು ನೋಡಿ. ಮಕ್ಕಳು ಒಳಗೆ ಬಂದು ಕೂರುವಷ್ಟರಲ್ಲಿ ಶಿಕ್ಷಕರು ಏನು ಮಾಡುತ್ತಿದ್ದರು? ತಾಳದ ಕೋಲುಗಳನ್ನು ಯಾವಾಗ ಹಂಚಿದರು, ಹೇಗೆ ವಾಪಸ್ ತಗೊಂಡರು? ಗಲಾಟೆ ಆದಾಗ ಧ್ವನಿ ಏರಿಸಿದರಾ ಇಳಿಸಿದರಾ? ಇಂಥ ನಾಲ್ಕಾರು ಕ್ಲಾಸು ನೋಡಿ ಟಿಪ್ಪಣಿ ಮಾಡಿಕೊಂಡವರು ಸಂದರ್ಶನದಲ್ಲಿ ಮಾತಾಡುವ ರೀತಿಯೇ ಬೇರೆ ಇರುತ್ತದೆ. ಒಂದೆರಡು ವಾರ ಆದ ಮೇಲೆ 'ಕೊನೆಯ ಹತ್ತು ನಿಮಿಷ ನಾನು ತಗೊಳ್ಳಲಾ?' ಅಂತ ಕೇಳಿ. ಬಹುತೇಕ ಶಿಕ್ಷಕರು ಖುಷಿಯಿಂದ ಒಪ್ಪುತ್ತಾರೆ. ಗಂಟಲಿಗೆ ಬಿಡುವು ಸಿಕ್ಕರೆ ಯಾರಿಗೆ ಬೇಡ!

ಖಾಲಿ ಹುದ್ದೆಯ ಜಾಹೀರಾತಿಗೆ ಮಾತ್ರ ಕಾಯುತ್ತಾ ಕೂರಬೇಡಿ. ದೀರ್ಘ ರಜೆ ಹಾಕಿದವರ ಜಾಗ, ವಾರಕ್ಕೆ ಎರಡೇ ದಿನದ ಕೆಲಸ, ವರ್ಷದ ನಡುವೆ ಯಾರೋ ಬಿಟ್ಟುಹೋದ ಜಾಗ, ಇವು ಎಷ್ಟೋ ಸಲ ಜಾಹೀರಾತಿನ ತನಕ ಬರುವುದೇ ಇಲ್ಲ. ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಯಾರ ಅರ್ಜಿ ಇದೆಯೋ ಅವರಿಗೆ ಫೋನ್ ಹೋಗುತ್ತದೆ. ನನ್ನ ಕೇಳಿದರೆ, ಮೊದಲ ಕೆಲಸಕ್ಕೆ ರಜೆಯ ಬದಲಿ ಹುದ್ದೆಗಿಂತ ಒಳ್ಳೆಯದು ಇಲ್ಲ. ಮೂರು ತಿಂಗಳಾದರೂ ಅದು ಪೂರ್ತಿ ಶಿಕ್ಷಕರ ಕೆಲಸವೇ. ಹಾಜರಿ, ಅಂಕ, ಪೋಷಕರ ಸಭೆ ಎಲ್ಲ ಇರುತ್ತದೆ. ಮುಂದಿನ ಅರ್ಜಿಗೆ ಬರೆಯಲು ನಿಜವಾದ ವಿಷಯ ಸಿಗುತ್ತದೆ, ಶಿಫಾರಸಿಗೆ ಒಬ್ಬ ಮುಖ್ಯೋಪಾಧ್ಯಾಯರ ಹೆಸರೂ ಸಿಗುತ್ತದೆ.

ಅರ್ಹತೆ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ನಿಯಮ ದೇಶಕ್ಕೊಂದು, ಸರ್ಕಾರಿ ಶಾಲೆಗೊಂದು, ಖಾಸಗಿ ಶಾಲೆಗೊಂದು. ಕೆಲವು ಕಡೆ ಸಂಗೀತದ ಪದವಿ ಸಾಕು, ಕೆಲವು ಕಡೆ ಶಿಕ್ಷಕರ ತರಬೇತಿಯ ಪದವಿ ಕಡ್ಡಾಯ. ಅರ್ಜಿ ಹಾಕುವ ಮೊದಲೇ ಅಧಿಸೂಚನೆ ಪೂರ್ತಿ ಓದಿ. ತರಬೇತಿ ಪದವಿ ಇಲ್ಲದಿದ್ದರೆ, ಯಾವಾಗ ಸೇರುತ್ತೀರಿ ಅನ್ನುವುದನ್ನು ಅರ್ಜಿಯಲ್ಲೇ ಒಂದು ಸಾಲು ಬರೆದುಬಿಡಿ. ಅವರೇ ಕಂಡುಹಿಡಿಯಲಿ ಅಂತ ಬಿಡುವುದು ಒಳ್ಳೆಯದಲ್ಲ.

ಉತ್ತರವೇ ಬಾರದ ಅರ್ಜಿಗಳ ಕಥೆ ಏನಿರಬಹುದು? ನಿಮ್ಮ ಅರ್ಜಿ ನಾನು ನೋಡಿಲ್ಲ. ಆದರೆ ಹೊಸಬರ ಅರ್ಜಿಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಗುರುಗಳ ಹೆಸರು, ಪರೀಕ್ಷೆಗಳ ಪಟ್ಟಿ, ಹಾಡಿದ ವೇದಿಕೆಗಳ ಪಟ್ಟಿ, ಬಹುಮಾನಗಳು, ಕೊನೆಗೆ 'ಮಕ್ಕಳೆಂದರೆ ನನಗೆ ತುಂಬಾ ಇಷ್ಟ' ಅನ್ನುವ ಸಾಲು. ಮಕ್ಕಳೆಂದರೆ ಇಷ್ಟ ಅಂತ ಎಲ್ಲರೂ ಬರೆಯುತ್ತಾರೆ. ಅದರ ಬದಲು ಹೀಗೆ ಬರೆದರೆ: 'ಬೇಸಿಗೆ ಶಿಬಿರದಲ್ಲಿ 8ರಿಂದ 10 ವರ್ಷದ 30 ಮಕ್ಕಳಿಗೆ ದಿನಕ್ಕೆ 40 ನಿಮಿಷ ಗುಂಪು ಹಾಡು ಕಲಿಸಿದೆ. ಅವರಲ್ಲಿ ಹೆಚ್ಚಿನವರು ಮೊದಲು ಸಂಗೀತ ಕಲಿತವರಲ್ಲ. ಕೊನೆಯ ದಿನ ಎರಡು ಗುಂಪಾಗಿ ಒಂದು ಹಾಡನ್ನು ಒಬ್ಬರ ಹಿಂದೆ ಒಬ್ಬರು ಶುರು ಮಾಡಿ ಹಾಡಿದರು.' ಸಂಗೀತ ಗೊತ್ತಿಲ್ಲದ ಮುಖ್ಯೋಪಾಧ್ಯಾಯರಿಗೂ ಇದು ಕಣ್ಣಿಗೆ ಕಟ್ಟುತ್ತದೆ. ವೇದಿಕೆಗಳ ಪಟ್ಟಿ ಇರಲಿ, ಆದರೆ ಎರಡನೇ ಪುಟಕ್ಕೆ ಹೋಗಲಿ. ಶಾಲೆಯ ಹೆಸರು ಬದಲಾಯಿಸಿ ಅದೇ ಪತ್ರ ಎಲ್ಲರಿಗೂ ಕಳಿಸಬೇಡಿ. ಆ ಶಾಲೆಗೆ ಬ್ಯಾಂಡ್ ಇದೆಯಾ, ಗಾಯನ ತಂಡ ಇದೆಯಾ ಅಂತ ನೋಡಿ, ಅದಕ್ಕೆ ನೀವು ಏನು ಮಾಡಬಲ್ಲಿರಿ ಅಂತ ಎರಡು ಸಾಲು ಸೇರಿಸಿ.

ವಿಡಿಯೊ ಕಳಿಸುವುದಾದರೆ ಸಂಗೀತ ಕಛೇರಿಯದ್ದು ಬೇಡ. ನೀವು ಕಲಿಸುತ್ತಿರುವ ಮೂರು ನಿಮಿಷ ಸಾಕು. ಕ್ಯಾಮೆರಾ ಮಕ್ಕಳ ಹಿಂದೆ ಇರಲಿ, ನಿಮ್ಮ ಮುಖ ಕಾಣಲಿ. ಪೋಷಕರ ಅನುಮತಿ ಇಲ್ಲದೆ ಮಕ್ಕಳ ಮುಖ ತೋರಿಸಿದರೆ ಒಳ್ಳೆಯ ಶಾಲೆ ಅಲ್ಲೇ ನಿಮ್ಮನ್ನು ಪಕ್ಕಕ್ಕಿಡುತ್ತದೆ, ಇಡಬೇಕು ಕೂಡ.

ಈಗ ನಿಮ್ಮ ಡೆಮೊ ಕ್ಲಾಸಿಗೆ ಬರೋಣ. ಗೆಲ್ಲುವುದೂ ಸೋಲುವುದೂ ಜಾಸ್ತಿ ಇಲ್ಲೇ.

20 ನಿಮಿಷದಲ್ಲಿ ಎಷ್ಟು ಕಲಿಸಬೇಕು? ತೀರಾ ಸ್ವಲ್ಪ. ನಾಲ್ಕು ಸಾಲಿನ ಒಂದು ಪುಟ್ಟ ಹಾಡು, ಅದರೊಳಗೆ ಗಮನ ಕೊಡಬೇಕಾದ ಒಂದೇ ವಿಷಯ. ಆ ವಿಷಯ ಲಯ ಇರಬಹುದು, ಏರಿಳಿತ ಇರಬಹುದು, ಜೋರು-ಮೆಲ್ಲಗೆ ಇರಬಹುದು. ಸಂಗೀತದ ಇತಿಹಾಸ, ರಾಗದ ಲಕ್ಷಣ, ನಿಮ್ಮ ಪರಿಚಯ ಯಾವುದೂ ಬೇಡ. ಎಷ್ಟೋ ಹೊಸಬರು ಮೊದಲ ಐದು ನಿಮಿಷ ಮಾತಾಡಿಯೇ ಕಳೆಯುತ್ತಾರೆ. ಎಂಟು ವರ್ಷದ ಮಗುವಿಗೆ ಸಂಗೀತದ ಕ್ಲಾಸು ಅಂದರೆ ಸದ್ದು ಮಾಡುವ ಕ್ಲಾಸು. ಮೊದಲ ನಿಮಿಷದಲ್ಲೇ ಅವರಿಂದ ಸದ್ದು ಹೊರಡಲಿ.

ಒಳಗೆ ಬಂದ ತಕ್ಷಣ ಮಾತಿಲ್ಲದೆ ನಾಲ್ಕು ಎಣಿಕೆಯ ಒಂದು ಚಪ್ಪಾಳೆ ಹೊಡೆಯಿರಿ. ಕೈ ಮುಂದೆ ಮಾಡಿ, ಈಗ ನಿಮ್ಮ ಸರದಿ ಅನ್ನುವ ಹಾಗೆ. ಮೊದಲ ಸಾಲಿನವರು ಹೊಡೆಯುತ್ತಾರೆ. ಇನ್ನೊಂದು ಹೊಡೆಯಿರಿ, ಸ್ವಲ್ಪ ಬೇರೆ. ಮೂರನೆಯದರ ಹೊತ್ತಿಗೆ ಕಿಟಕಿ ಪಕ್ಕದ ಹುಡುಗನೂ ತಿರುಗಿರುತ್ತಾನೆ. ನಾಲ್ಕನೆಯದನ್ನು ತೀರಾ ಮೆಲ್ಲಗೆ ಹೊಡೆಯಿರಿ. ಕೋಣೆ ತಾನೇ ನಿಶ್ಶಬ್ದ ಆಗುತ್ತದೆ, ಕೇಳಿಸಿಕೊಳ್ಳದೆ ವಾಪಸ್ ಹೊಡೆಯಲು ಆಗುವುದಿಲ್ಲವಲ್ಲ. ಅಷ್ಟರಲ್ಲಿ ಹಿಂದೆ ಕೂತ ಸಮಿತಿಯವರು 'ಸೈಲೆನ್ಸ್' ಅಂತ ಕೂಗದೆ ನೀವು ಕ್ಲಾಸು ಹಿಡಿದದ್ದನ್ನು ನೋಡಿರುತ್ತಾರೆ. ಸಂಗೀತ ಗೊತ್ತಿಲ್ಲದಿದ್ದರೂ ಅವರಿಗೆ ಇದು ಗೊತ್ತಾಗುತ್ತದೆ.

ಆಮೇಲೆ ಹಾಡು. ಇಲ್ಲಿ ತರಬೇತಿ ಪಡೆದ ಗಾಯಕರು ಜಾಸ್ತಿ ಎಡವುವುದು ಶ್ರುತಿಯಲ್ಲಿ. ನೀವು ನಿಮಗೆ ಹಿತವಾದ ಶ್ರುತಿಯಲ್ಲಿ ಶುರು ಮಾಡುತ್ತೀರಿ. ಅದು ಮಕ್ಕಳಿಗೆ ತಗ್ಗು. ಎಂಟು-ಒಂಬತ್ತರ ಮಕ್ಕಳ ಗುಂಪಿಗೆ ಕೀಬೋರ್ಡಿನ ಮಧ್ಯದ ಸಿ ಯಿಂದ ಅದರ ಮೇಲಿನ ಎ, ಬಿ ತನಕ ಸುಲಭ. ಅದಕ್ಕಿಂತ ಕೆಳಗೆ ಹೋದರೆ ಮಕ್ಕಳು ಹಾಡುವ ಧ್ವನಿ ಬಿಟ್ಟು ಮಾತಾಡುವ ಧ್ವನಿಯಲ್ಲಿ ಗೊಣಗುತ್ತಾರೆ. ಕೇಳಿದವರಿಗೆ 'ಈ ಮಕ್ಕಳಿಗೆ ಶ್ರುತಿಜ್ಞಾನ ಇಲ್ಲ' ಅನ್ನಿಸುತ್ತದೆ. ತಪ್ಪು ಮಕ್ಕಳದಲ್ಲ. ಷಡ್ಜವನ್ನು, ಅಂದರೆ ಸ ಸ್ವರವನ್ನು, ಕೀಬೋರ್ಡಿನ ಡಿ ಗೆ ಇಟ್ಟುಕೊಂಡು ಸ ದಿಂದ ಪ ಒಳಗೆ ಸುತ್ತುವ ಹಾಡು ಆರಿಸಿ. ನಿಮ್ಮ ಅಭ್ಯಾಸದ ಶ್ರುತಿಗಿಂತ ಇದು ಮೇಲಿದ್ದರೆ ಈಗಿನಿಂದಲೇ ಆ ಎತ್ತರದಲ್ಲಿ ತೆಳುವಾಗಿ ಹಾಡಿ ರೂಢಿ ಮಾಡಿಕೊಳ್ಳಿ. ಇದನ್ನು ಓದುತ್ತಿರುವ ಗಂಡಸರಿಗೆ ಒಂದು ಮಾತು: ನೀವು ಒಂದು ಸ್ಥಾಯಿ (ಆಕ್ಟೇವ್) ಕೆಳಗೆ ಹಾಡಿದರೆ ಕೆಲವು ಪುಟ್ಟ ಮಕ್ಕಳು ನಿಮ್ಮನ್ನೇ ಅನುಕರಿಸಲು ಹೋಗಿ ತಳ ಸೇರುತ್ತಾರೆ. ಮೊದಲ ಸ್ವರವನ್ನು ಕೀಬೋರ್ಡಿನಲ್ಲಿ ಅವರ ಎತ್ತರಕ್ಕೇ ಕೊಡಿ. ಇಲ್ಲವೇ ಸರಿಯಾಗಿ ಹಿಡಿದ ಒಂದು ಮಗುವಿನ ಕೈಲಿ ಹಾಡಿಸಿ, 'ಹೀಗೆ' ಅಂತ ತೋರಿಸಿ.

ಸ್ವರವನ್ನು ಅಲುಗಿಸುವ ಗಮಕ, ಒಂದೇ ಸಾಲನ್ನು ಬೇರೆ ಬೇರೆ ಥರ ಹಾಡುವ ಸಂಗತಿ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಸ್ವರ ನೇರವಾಗಿರಲಿ. ಒಂದು ಸಾಲು ನೀವು, ಅದೇ ಸಾಲು ಅವರು. ಅವರು ಹಾಡುವಾಗ ನೀವು ಬಾಯಿ ಮುಚ್ಚಿಕೊಳ್ಳಿ. ಇದು ಕೇಳಲು ಸಣ್ಣ ವಿಷಯ, ಮಾಡಲು ಭಾರಿ ಕಷ್ಟ. ಜೊತೆಗೆ ಹಾಡಿದರೆ ಅವರ ಹಾಡು ನಿಮಗೆ ಕೇಳಿಸುವುದೇ ಇಲ್ಲ. ಏನು ತಪ್ಪಿದೆ ಅಂತ ಗೊತ್ತಾಗದೆ ಮುಂದಿನ ಸಾಲಿಗೆ ಹೋಗುತ್ತೀರಿ. ಸುಮ್ಮನಿದ್ದು ಕೇಳಿ, 'ಎರಡನೇ ಸಾಲಿನ ಕೊನೆ ಇನ್ನೊಮ್ಮೆ ಕೇಳಿಸಿಕೊಳ್ಳಿ' ಅಂತ ಅಷ್ಟನ್ನೇ ಮತ್ತೆ ಹಾಡಿದರೆ, ನೀವು ಹಾಡಿಸುತ್ತಿಲ್ಲ, ಕಲಿಸುತ್ತಿದ್ದೀರಿ ಅಂತ ಯಾರಿಗಾದರೂ ತಿಳಿಯುತ್ತದೆ.

ಯಾವ ಸ್ವರಗಳಿಂದ ಶುರು ಮಾಡಬೇಕು ಅನ್ನುವುದಕ್ಕೂ ಒಂದು ಹಳೆಯ ಉಪಾಯ ಇದೆ. ಆಟದ ಮೈದಾನದಲ್ಲಿ ಮಕ್ಕಳು ದೂರದ ಗೆಳೆಯನನ್ನು ಕೂಗಿ ಕರೆಯುವ ಧಾಟಿ ಕೇಳಿದ್ದೀರಲ್ವಾ? ಎಷ್ಟೋ ಸಲ ಅದು ಪ ದಿಂದ ಅಂತರ ಗಾಂಧಾರಕ್ಕೆ (ಗ ಸ್ವರದ ಒಂದು ಬಗೆ) ಇಳಿಯುತ್ತದೆ. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ (1882–1967) ಹೆಸರಿನಲ್ಲಿ ಬೆಳೆದ ಶಿಕ್ಷಣ ಪದ್ಧತಿ ಮಕ್ಕಳಿಗೆ ಈ ಎರಡು ಸ್ವರಗಳಿಂದಲೇ ಪಾಠ ಶುರು ಮಾಡುತ್ತದೆ. ಸ್ವರಕ್ಕೊಂದು ಕೈಸನ್ನೆ ತೋರಿಸುವುದನ್ನೂ ಅದೇ ಪದ್ಧತಿ ಜನಪ್ರಿಯ ಮಾಡಿತು. ಸನ್ನೆಗಳನ್ನು ರೂಪಿಸಿದವರು 19ನೇ ಶತಮಾನದ ಇಂಗ್ಲೆಂಡಿನ ಜಾನ್ ಕರ್ವೆನ್. ನೀವು ಪಾಶ್ಚಾತ್ಯರ ಡೋರೆಮಿ ಹೇಳಿ, ನಮ್ಮ ಸರಿಗಮ ಹೇಳಿ, ಕೈಯ ಎತ್ತರ ಬದಲಾಯಿಸುತ್ತಾ ಸ್ವರ ತೋರಿಸಿದರೆ ಮಕ್ಕಳು ಏರಿಳಿತವನ್ನು ಕಣ್ಣಿಂದಲೂ ಹಿಡಿಯುತ್ತಾರೆ. ಜೊತೆಗೆ ನಿಮ್ಮ ಗಂಟಲೂ ಉಳಿಯುತ್ತದೆ. ಹಾಜರಿ ಕರೆಯುವುದನ್ನೇ ಈ ಎರಡು ಸ್ವರದಲ್ಲಿ ಹಾಡಿದರೆ ಪ್ರತಿ ಮಗು ಒಂಟಿಯಾಗಿ ಹಾಡಿದ ಹಾಗೂ ಆಯಿತು, ಹೆದರಿಕೆಯೂ ಇಲ್ಲ. ಆದರೆ ಡೆಮೊದಲ್ಲಿ ಎಲ್ಲರ ಹೆಸರು ಕರೆಯಲು ಹೋಗಬೇಡಿ, ಸಮಯ ತಿನ್ನುತ್ತದೆ. ನಾಲ್ಕೈದು ಸಾಕು.

ಇಂಥದ್ದನ್ನು ಒಂದೆರಡು ಪದ್ಧತಿಗಳಿಂದ ಕಲಿತಿಟ್ಟುಕೊಳ್ಳಿ. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್ ಡಾಲ್‌ಕ್ರೋಜ್ ಲಯವನ್ನು ಇಡೀ ಮೈಯಿಂದ ಕಲಿಯಬೇಕು ಅಂದವರು. ಡೋಲಿನ ಗತಿಗೆ ಮಕ್ಕಳು ನಡೆಯುವುದು, ಡೋಲು ನಿಂತಾಗ ನಿಲ್ಲುವುದು, ಇದೆಲ್ಲ ಆ ದಾರಿ. ಜರ್ಮನಿಯ ಕಾರ್ಲ್ ಓರ್ಫ್ ಮತ್ತು ಗುನಿಲ್ಡ್ ಕೀಟ್‌ಮನ್ ಮಾತು, ಚಪ್ಪಾಳೆ, ಸರಳ ವಾದ್ಯಗಳಿಂದ ಮಕ್ಕಳೇ ಸಂಗೀತ ಕಟ್ಟುವ ದಾರಿ ಹಾಕಿಕೊಟ್ಟರು. ಕೋಲಿನಿಂದ ಬಡಿದು ನುಡಿಸುವ ಅವರ ಪುಟ್ಟ ಜೈಲೊಫೋನುಗಳ ಮರದ ಪಟ್ಟಿಗಳನ್ನು ಬಿಚ್ಚಿ ತೆಗೆಯಬಹುದು. ಬೇಡದ ಸ್ವರ ತೆಗೆದಿಟ್ಟರೆ ಮಗು ಎಲ್ಲಿ ಹೊಡೆದರೂ ಕಿವಿಗೆ ಹೊಂದುವ ಸ್ವರವೇ ಬರುತ್ತದೆ. ಎಂಥ ಚಂದದ ಯೋಚನೆ! ಸಂದರ್ಶನದಲ್ಲಿ ಈ ಹೆಸರುಗಳನ್ನು ಉದುರಿಸಿದರೆ ಸಾಲದು. ನಿಮ್ಮ ಡೆಮೊದಲ್ಲಿ ಯಾವುದನ್ನು ಯಾಕೆ ಬಳಸಿದಿರಿ ಅಂತ ಹೇಳಲು ಬರಬೇಕು.

ವಾದ್ಯ ಹಂಚುವುದಿದ್ದರೆ, ಏನು ಮಾಡಬೇಕು ಅಂತ ಪೂರ್ತಿ ಹೇಳಿ, ಮಾಡಿ ತೋರಿಸಿ, ಆಮೇಲೆ ಹಂಚಿ. ಕೈಗೆ ಕೋಲು ಬಂದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ಮೂವತ್ತು ಜೊತೆ ಕೋಲು ಒಟ್ಟಿಗೆ ಬಡಿದರೆ ಪ್ರಳಯ. ಕೋಲು ಸಿಕ್ಕಿದ ತಕ್ಷಣ ಅದನ್ನು ತೊಡೆ ಮೇಲೆ ಮಲಗಿಸಬೇಕು ಅನ್ನುವ ನಿಯಮವನ್ನು ಬರಿಗೈಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ. ನಿಮಗೆ ಧೈರ್ಯ ಸಾಲದಿದ್ದರೆ ಡೆಮೊಗೆ ವಾದ್ಯವೇ ಬೇಡ. ಚಪ್ಪಾಳೆ, ತೊಡೆ, ಡೆಸ್ಕು ಸಾಕು.

ಪ್ರಶ್ನೆ ಕೇಳಿದರೆ ಉತ್ತರಕ್ಕೆ ಕಾಯಿರಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದರು. ಸುಮಾರು ಒಂದು ಸೆಕೆಂಡು, ಅಷ್ಟೇ. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಡೆಮೊದ ಗಾಬರಿಯಲ್ಲಿ ಮೂರು ಸೆಕೆಂಡು ಮೂರು ನಿಮಿಷದ ಹಾಗೆ ಅನ್ನಿಸುತ್ತದೆ. ಮನಸ್ಸಿನಲ್ಲೇ ತಾಳ ಹಾಕಿಕೊಂಡು ಕಾಯಿರಿ.

ಒಂದು ಮಗು ಶ್ರುತಿ ಬಿಟ್ಟು ಹಾಡಿದರೆ? ಡೆಮೊದಲ್ಲಿ ಖಂಡಿತ ಒಬ್ಬರಾದರೂ ಹಾಡುತ್ತಾರೆ, ಸಮಿತಿಯ ಕಣ್ಣು ಆಗ ನಿಮ್ಮ ಮುಖದ ಮೇಲೆ ಇರುತ್ತದೆ. ಮುಖ ಸಿಂಡರಿಸಬೇಡಿ. 'ನೀನು ಸುಮ್ನೆ ಬಾಯಿ ಆಡಿಸು' ಅನ್ನುವ ಮಾತನ್ನಂತೂ ಜನ್ಮದಲ್ಲಿ ಆಡಬೇಡಿ. ಆ ಒಂದು ಮಾತಿನಿಂದ ಹಾಡುವುದನ್ನೇ ಬಿಟ್ಟ ದೊಡ್ಡವರನ್ನು ಕೇಳಿ ನೋಡಿ, ಯಾರು ಅಂದರು, ಯಾವ ಕ್ಲಾಸಿನಲ್ಲಿ ಅಂದರು ಅಂತ ಇವತ್ತಿಗೂ ಹೇಳುತ್ತಾರೆ. ಗುಂಪಿಗೆ ಒಂದು ಆಟ ಕೊಡಿ: 'ಊ…' ಅಂತ ಧ್ವನಿಯನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ ಮತ್ತೆ ಇಳಿಸುವುದು. ಮಾತಿನ ಧ್ವನಿಯಲ್ಲೇ ಸಿಕ್ಕಿಕೊಂಡ ಮಗುವಿಗೆ ಮೇಲಿನ ಧ್ವನಿ ಅಲ್ಲಿ ತಾನಾಗಿ ಸಿಗುತ್ತದೆ. ಬಿಡುವಿದ್ದಾಗ ಆ ಮಗು ಹಾಡಿದ ಸ್ವರವನ್ನೇ ನೀವು ಹಿಡಿದು, ಅಲ್ಲಿಂದ ಮೆಲ್ಲಗೆ ಜೊತೆಗೆ ಕರೆತರಬಹುದು. ಡೆಮೊದಲ್ಲಿ ಅಷ್ಟು ಹೊತ್ತು ಇರುವುದಿಲ್ಲ, ಆಟ ಸಾಕು.

ಕೊನೆಗೆ, ಹೇಳಿದ ಸಮಯಕ್ಕೆ ಮುಗಿಸಿ. ಹಾಡು ಪೂರ್ತಿ ಆಗದಿದ್ದರೂ ಸರಿ, 19ನೇ ನಿಮಿಷಕ್ಕೆ ಕಲಿತಷ್ಟನ್ನು ಒಮ್ಮೆ ಚೆನ್ನಾಗಿ ಹಾಡಿಸಿ ನಿಲ್ಲಿಸಿ. ಮುಂದಿನ ಪೀರಿಯಡ್ಡಿನ ಶಿಕ್ಷಕರನ್ನು ಬಾಗಿಲಲ್ಲಿ ಕಾಯಿಸುವ ಸಂಗೀತದವರು ಯಾವ ಶಾಲೆಗೂ ಇಷ್ಟ ಇಲ್ಲ.

ಡೆಮೊ ಆದ ಮೇಲೆ 'ಹೇಗಾಯಿತು?' ಅಂತ ಅವರೇ ಕೇಳಬಹುದು. 'ಚೆನ್ನಾಗಿ ಆಯಿತು' ಅಂತ ಮುಗಿಸಬೇಡಿ. 'ಮೂರನೇ ಸಾಲು ಅವರಿಗೆ ಎತ್ತರ ಆಯಿತು, ಮುಂದಿನ ಸಲ ಒಂದು ಸ್ವರ ಇಳಿಸುತ್ತೇನೆ, ಹಿಂದಿನ ಬೆಂಚಿನವರಿಗೆ ಇನ್ನೊಮ್ಮೆ ಅವಕಾಶ ಬೇಕಿತ್ತು' ಅನ್ನುವಂಥ ಉತ್ತರ ಕೊಟ್ಟವರಿಗೆ ಕೆಲಸ ಸಿಕ್ಕಿದ್ದನ್ನು ಇಂಥ ಸಮಿತಿಗಳಲ್ಲಿ ಕೂತು ನೋಡಿದ್ದೇನೆ. ಡೆಮೊ ಅವರದ್ದೇನೂ ಎಲ್ಲರಿಗಿಂತ ಉತ್ತಮವಾಗಿರಲಿಲ್ಲ.

ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳು ಬಹಳ ಇಲ್ಲ. ಒಂದು, ವರ್ಷದಲ್ಲಿ ಏನು ಕಲಿಸುತ್ತೀರಿ? ಇದಕ್ಕೆ ಉತ್ತರ ಹೇಳುವ ಮೊದಲು ಲೆಕ್ಕ ಹಾಕಿ. ವಾರಕ್ಕೆ ಒಂದು ಪೀರಿಯಡ್, 40 ನಿಮಿಷ, ವರ್ಷಕ್ಕೆ 36 ವಾರ ಅಂತಿಟ್ಟುಕೊಂಡರೂ ಒಟ್ಟು 24 ಗಂಟೆ. ಇಡೀ ವರ್ಷದ ಸಂಗೀತ ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿದುಹೋಯಿತು! ಅದರಲ್ಲಿ ಪರೀಕ್ಷೆ, ಆಟೋಟ, ರಜೆ ಒಂದಷ್ಟು ಕಿತ್ತುಕೊಳ್ಳುತ್ತವೆ. ಹಾಗಾಗಿ 'ಎಲ್ಲರಿಗೂ ಶಾಸ್ತ್ರೀಯ ಸಂಗೀತದ ಅಡಿಪಾಯ' ಅಂತ ದೊಡ್ಡ ಮಾತಾಡಬೇಡಿ. 'ಮೂರನೇ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವಿಗೆ ಎಂಟು ಹಾಡು ನೋಡದೆ ಹಾಡಲು ಬರಬೇಕು, ಒಂದು ಸ್ಥಿರ ಗತಿ ಹಿಡಿಯಲು ಬರಬೇಕು, ಐದು ಸ್ವರ ಕೇಳಿ ಗುರುತಿಸಲು ಬರಬೇಕು' ಅಂದರೆ ಅವರು ಬರೆದುಕೊಳ್ಳುತ್ತಾರೆ.

ಎರಡನೆಯದು, ವಾರ್ಷಿಕೋತ್ಸವಕ್ಕೆ ಚೆನ್ನಾಗಿ ಹಾಡುವವರನ್ನು ಮಾತ್ರ ಆರಿಸುತ್ತೀರಾ, ಎಲ್ಲರನ್ನೂ ಸೇರಿಸುತ್ತೀರಾ? ಒಂದೇ ಸರಿ ಉತ್ತರ ಇಲ್ಲ. ಆಯ್ದ ತಂಡವೂ ಇರಲಿ, ಇಡೀ ತರಗತಿ ಹಾಡುವ ಒಂದು ಹಾಡೂ ಇರಲಿ ಅನ್ನುವುದು ನನ್ನ ನಿಲುವು. ನಿಮ್ಮದು ಬೇರೆ ಇರಬಹುದು, ಕಾರಣ ಕೊಡಿ.

ಮೂರನೆಯದು, ದೊಡ್ಡ ತರಗತಿಯ ಹುಡುಗರು ಹಾಡುವುದಿಲ್ಲ, ಏನು ಮಾಡುತ್ತೀರಿ? ಸುಮಾರು 12ರಿಂದ 15ರ ನಡುವೆ ಹೆಚ್ಚಿನ ಹುಡುಗರ ಧ್ವನಿ ಒಡೆಯುತ್ತದೆ. ಗಂಟಲಿನ ಸ್ವರತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಇಳಿಯುತ್ತದೆ. ನಡುವಿನ ತಿಂಗಳುಗಳಲ್ಲಿ ಹುಡುಗನ ಹಿಡಿತಕ್ಕೆ ಐದಾರು ಸ್ವರ ಮಾತ್ರ ಸಿಗಬಹುದು. ಅವನು ಹಾಡದೇ ಇರುವುದು ಮೊಂಡುತನದಿಂದ ಅಲ್ಲ, ಧ್ವನಿ ಕೈಕೊಡುತ್ತದೆ ಅನ್ನುವ ಭಯದಿಂದ. ಆ ಐದಾರು ಸ್ವರದಲ್ಲೇ ಸುತ್ತುವ ಒಂದು ಸಾಲು ಅವನಿಗೆ ಕೊಡುತ್ತೇನೆ, ಒಂಟಿಯಾಗಿ ನಿಲ್ಲಿಸಿ ಹಾಡಿಸುವುದಿಲ್ಲ, ಲಯದ ಕೆಲಸ ಜಾಸ್ತಿ ಕೊಡುತ್ತೇನೆ ಅಂತ ಹೇಳಿದರೆ ನೀವು ವಿಷಯ ಬಲ್ಲವರು ಅಂತ ಗೊತ್ತಾಗುತ್ತದೆ.

ಕಿವಿ ಸರಿಯಾಗಿ ಕೇಳಿಸದ ಮಗು ಇದ್ದರೆ, ಸದ್ದಿಗೆ ಬೆದರುವ ಮಗು ಇದ್ದರೆ ಅಂತಲೂ ಕೇಳಬಹುದು. ಸ್ಕಾಟ್ಲೆಂಡಿನ ಇವಲಿನ್ ಗ್ಲೆನಿ ಚಿಕ್ಕ ವಯಸ್ಸಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಕಿವುಡಾದವರು. ಬರಿಗಾಲಲ್ಲಿ ನಿಂತು ನೆಲದ ಕಂಪನ ಹಿಡಿದು ನುಡಿಸುತ್ತಾ ಜಗತ್ತಿನ ದೊಡ್ಡ ತಾಳವಾದ್ಯಗಾರರಲ್ಲಿ ಒಬ್ಬರಾದರು. ಅಂಥ ಮಗುವನ್ನು ಡೋಲಿನ ಹತ್ತಿರ ಕೂರಿಸುವುದು, ಕೈಸನ್ನೆ ಬಳಸುವುದು ಒಂದು ದಾರಿ. ಸದ್ದಿಗೆ ಬೆದರುವ ಮಗುವಿಗೆ ಬಾಗಿಲ ಹತ್ತಿರ ಜಾಗ, ಜೋರು ಸದ್ದು ಬರುವ ಮೊದಲೇ ಒಂದು ಸೂಚನೆ. ಉಳಿದದ್ದನ್ನು ಆ ಮಗುವಿನ ತರಗತಿ ಶಿಕ್ಷಕರನ್ನೂ ಪೋಷಕರನ್ನೂ ಕೇಳಿ ಮಾಡುತ್ತೇನೆ ಅನ್ನಿ.

ಕೆಲಸ ಬೇಕು ಅನ್ನುವ ಆತುರದಲ್ಲಿ ನೀವು ಕೇಳಬೇಕಾದದ್ದನ್ನು ಬಿಡಬೇಡಿ. ವಾರಕ್ಕೆ ಎಷ್ಟು ಪೀರಿಯಡ್? ಸಂಗೀತಕ್ಕೆ ಕೋಣೆ ಇದೆಯಾ, ನಾನೇ ಕೀಬೋರ್ಡ್ ಹೊತ್ತು ಕ್ಲಾಸಿಂದ ಕ್ಲಾಸಿಗೆ ಓಡಬೇಕಾ? ವಾದ್ಯ ಕೊಳ್ಳಲು, ರಿಪೇರಿಗೆ ಹಣ ಇದೆಯಾ? ಶಾಲೆ ಬಿಟ್ಟ ಮೇಲಿನ ರಿಹರ್ಸಲ್ ಸಂಬಳದಲ್ಲಿ ಸೇರಿದೆಯಾ? ಯಾರೋ ರಜೆ ಹಾಕಿದಾಗ ಸಂಗೀತದವರನ್ನೇ ಆ ಕ್ಲಾಸಿಗೆ ಕಳಿಸುತ್ತಾರಾ? ಕೊನೆಯ ಪ್ರಶ್ನೆಯನ್ನು ನಗುತ್ತಾ ಕೇಳಿ, ಉತ್ತರವನ್ನು ಗಂಭೀರವಾಗಿ ಕೇಳಿಸಿಕೊಳ್ಳಿ. ಶಾಲೆ ಸಂಗೀತವನ್ನು ಪಾಠ ಅಂತ ನೋಡುತ್ತದಾ, ಖಾಲಿ ಜಾಗ ತುಂಬುವ ವ್ಯವಸ್ಥೆ ಅಂತ ನೋಡುತ್ತದಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮೊದಲ ಕೆಲಸ ಅಂತ ಕೆಲವಕ್ಕೆ ಒಪ್ಪಿಕೊಳ್ಳಬಹುದು, ತಿಳಿದು ಒಪ್ಪಿಕೊಳ್ಳಿ. ಒಪ್ಪಿದ್ದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ.

ವಾರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಪೀರಿಯಡ್ ಇದ್ದರೆ ಗಂಟಲಿನ ಬಗ್ಗೆ ಮೊದಲ ದಿನದಿಂದ ಜಾಗ್ರತೆ ಬೇಕು. ಕಛೇರಿಗೆ ಪಳಗಿದ ಗಂಟಲು ಇದಕ್ಕೂ ಪಳಗಿರುತ್ತದೆ ಅಂದುಕೊಳ್ಳಬೇಡಿ. ಹಾಡುವುದಕ್ಕಿಂತ ಗಲಾಟೆಯ ಮೇಲೆ ಮಾತಾಡುವುದು ಧ್ವನಿಯನ್ನು ಜಾಸ್ತಿ ಸವೆಸುತ್ತದೆ. ಸೊಂಟಕ್ಕೆ ಕಟ್ಟುವ ಪುಟ್ಟ ಮೈಕ್ ಇಟ್ಟುಕೊಳ್ಳಿ, ನಾಚಿಕೆ ಬೇಡ. ನೀರು ಪಕ್ಕದಲ್ಲಿರಲಿ. ಧ್ವನಿ ಕಟ್ಟಿದಾಗ ಪಿಸುಗುಟ್ಟಿ ಕೆಲಸ ನಡೆಸುವುದು ವಿಶ್ರಾಂತಿ ಅಲ್ಲ, ಆ ದಿನ ಚಪ್ಪಾಳೆಯ, ಕೇಳುವ, ಬರೆಯುವ ಪಾಠ ಮಾಡಿ. ಎರಡು ವಾರ ಕಳೆದರೂ ಧ್ವನಿ ಸರಿಹೋಗದಿದ್ದರೆ ಗಂಟಲಿನ ವೈದ್ಯರಿಗೆ ತೋರಿಸಿ.

ಈ ಸಲವೂ ಕೆಲಸ ಸಿಗಲಿಲ್ಲ ಅಂದರೆ ಒಂದು ಪುಟ್ಟ ಪತ್ರ ಬರೆಯಿರಿ. ಅವಕಾಶಕ್ಕೆ ಧನ್ಯವಾದ, ನನ್ನ ಡೆಮೊದಲ್ಲಿ ಏನು ಉತ್ತಮ ಆಗಬೇಕಿತ್ತು ಅಂತ ಒಂದು ಮಾತು ಹೇಳಿದರೆ ಉಪಕಾರ, ರಜೆಯ ಬದಲಿ ಕೆಲಸ ಇದ್ದರೆ ನೆನಪಿಸಿಕೊಳ್ಳಿ. ಎಲ್ಲರೂ ಉತ್ತರ ಬರೆಯುವುದಿಲ್ಲ. ಆಯ್ಕೆಯಾದವರು ಸೇರದೇ ಹೋಗುವುದು, ಒಂದು ತಿಂಗಳಿಗೇ ಬಿಡುವುದು ಶಾಲೆಗಳಲ್ಲಿ ಮಾಮೂಲಿ. ಆಗ ಹೊಸದಾಗಿ ಹುಡುಕುವ ಬದಲು ನೋಡಿದವರನ್ನೇ ಕರೆಯುತ್ತಾರೆ.

ಸ್ಟೇಜ್ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ. ಮನೆಯಲ್ಲಿ ಅಭ್ಯಾಸ ನಿಲ್ಲಿಸಿದ ಸಂಗೀತ ಶಿಕ್ಷಕರಿಗೆ ಕೆಲವೇ ವರ್ಷದಲ್ಲಿ ಎಂಟು ವರ್ಷದ ಮಕ್ಕಳ ಹಾಡು ಬಿಟ್ಟರೆ ಬೇರೇನೂ ಕೈಗೆ ಸಿಗುವುದಿಲ್ಲ. ಆದರೆ ಮೊದಲ ವರ್ಷ ಕಾರ್ಯಕ್ರಮ ಕಡಿಮೆ ಒಪ್ಪಿಕೊಳ್ಳಿ, ಆ ವರ್ಷ ತಯಾರಿಯೇ ರಾತ್ರಿಗಳನ್ನು ತಿನ್ನುತ್ತದೆ. ಈಗಾಗಲೇ ಒಪ್ಪಿರುವ ತಾರೀಖುಗಳನ್ನು ಸಂದರ್ಶನದಲ್ಲೇ ಹೇಳಿ. ಶಾಲೆಯ ವಾರ್ಷಿಕೋತ್ಸವ ಯಾವ ತಿಂಗಳು ಅಂತ ಅವತ್ತೇ ಕೇಳಿಕೊಂಡು, ಆ ತಿಂಗಳು ಹೊರಗಿನ ಯಾವ ಕಾರ್ಯಕ್ರಮವನ್ನೂ ಒಪ್ಪಿಕೊಳ್ಳಬೇಡಿ.